ಅಪ್ಪನ ಚಾಕುವಿಗೆ ಪೈಪಿನ ಒರೆ

ಅಪ್ಪ ಹೊಲಕ್ಕೆ ಒಯ್ಯುವ ಚೀಲದಲ್ಲಿ ರೊಟ್ಟಿ ಗಂಟು, ನೀರಿನ ಬಾಟಲಿ, ಒಂದಿಷ್ಟು ಸುತಳಿ, ಜೊತೆಗೆ ಹಳೇ ಬಟ್ಟೆ ಸುತ್ತಿದ ಒಂದು ಚಾಕು ಇರುತ್ತದೆ. ಆ ಬಟ್ಟೆ ಜೇವರ್ಗಿ ರಸ್ತೆ ದಾಟುವಷ್ಟರಲ್ಲೇ ಬಿಚ್ಚಿಕೊಂಡಿರುತ್ತದೆ. ಹೋದ ವರ್ಷ ತೊಗರಿ ರಾಶಿ ನಡೆದಾಗ ಅವ್ವ ರೊಟ್ಟಿ ತೆಗೆಯಲು ಚೀಲಕ್ಕೆ ಕೈ ಹಾಕಿದಳು, ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದವು. ಆ ಚಾಕುವಿಗೆ ಒಂದು ಸರಿಯಾದ ಒರೆ ಮಾಡಲೇಬೇಕು ಅಂತ ಅವತ್ತೇ ಅಂದುಕೊಂಡೆ. ಒಂದು ಮಾಡಿದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಈಗ ಭಾನುವಾರ ಬಂತೆಂದರೆ ನಾನು ಮಾಳಿಗೆ ಮೇಲೇ.

ಮೊದಲು ತೊಗಲಿನದು ಮಾಡೋಣ ಅಂತಿತ್ತು. ಆದರೆ ಅಪ್ಪನ ಚಾಕು ಕಮ್ಮಾರರ ಕುಲುಮೆಯಲ್ಲಿ ಬಡಿದದ್ದು, ಒಂದು ರಾತ್ರಿ ಒದ್ದೆ ಬಿಟ್ಟರೆ ಸಾಕು, ತುಕ್ಕು. ತೊಗಲು ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಕುಡಿಯುವುದಿಲ್ಲ, ಎರೆ ಮಣ್ಣು ಹೊಕ್ಕರೂ ನಳದ ಕೆಳಗೆ ಹಿಡಿದು ತೊಳೆದರೆ ಆಯಿತು.

ಈ ಕೆಲಸಕ್ಕೆ ಜಗತ್ತಿನಲ್ಲೆಲ್ಲ ಜಾಸ್ತಿ ಬಳಸುವುದು ಕೈಡೆಕ್ಸ್ ಅನ್ನೋ ಪ್ಲಾಸ್ಟಿಕ್ ಹಾಳೆ. ಅಕ್ರಿಲಿಕ್ ಮತ್ತು ಪಿವಿಸಿ ಬೆರೆಸಿ ಮಾಡಿದ್ದು, 1960ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. ಸುಮಾರು 160 ಡಿಗ್ರಿ ಕಾಸಿದರೆ ಬಟ್ಟೆಯ ಹಾಗೆ ಬಾಗುತ್ತದೆ, ತಣ್ಣಗಾದರೆ ಕೊಟ್ಟ ಆಕಾರ ಬಿಡುವುದಿಲ್ಲ. ನಮ್ಮ ಕಲಬುರಗಿಯ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸಬಹುದು, ಆದರೆ ಕಲಿಯುವಾಗ ಕೆಡಿಸಲು ಅದು ದುಬಾರಿ. ಹೊಲದ ಬೋರ್‌ವೆಲ್ ಹತ್ತಿರ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡುಗಳು ಸುಮ್ನೆ ಬಿದ್ದಿದ್ದವು. ಅವುಗಳಿಂದಲೇ ಶುರು ಮಾಡಿದೆ.

ಈ ಪ್ಲಾಸ್ಟಿಕ್ಕಿನ ಗುಣ ನಮ್ಮ ಜೋಳದ ರೊಟ್ಟಿ ಕಂಡವರಿಗೆ ಬೇಗ ತಿಳಿಯುತ್ತದೆ. ಹೆಂಚಿನಿಂದ ಇಳಿಸಿದಾಗ ರೊಟ್ಟಿ ಮಡಚಿದ ಹಾಗೆ ಮಡಚುತ್ತದೆ, ಕಡಕ್ ಆದ ಮೇಲೆ ಮುಟ್ಟಿದರೆ ಮುರಿಯುತ್ತದೆ. ಪೈಪೂ ಹಾಗೇ, ಆದರೆ ಒಂದು ದೊಡ್ಡ ಅನುಕೂಲ ಇದೆ: ಕಡಕ್ ಆದದ್ದನ್ನು ಮತ್ತೆ ಕಾಸಿ ಮೆತ್ತಗೆ ಮಾಡಬಹುದು. ತಪ್ಪಿದರೆ ಇನ್ನೊಮ್ಮೆ ಮಾಡಬಹುದು ಅನ್ನೋ ಧೈರ್ಯ ಇದ್ದುದಕ್ಕೇ ನಾನು ಇದನ್ನು ಕಲಿತೆ.

ಪೈಪನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ, ಬಿಸಿ ಗಾಳಿ ಊದುವ ಹೀಟ್ ಗನ್ನಿನಿಂದ ಎಲ್ಲ ಕಡೆ ಸಮನಾಗಿ ಕಾಸುತ್ತೇನೆ. 80 ಡಿಗ್ರಿ ದಾಟಿದರೆ ಪಿವಿಸಿ ಸಡಿಲಾಗುತ್ತದೆ, ಚೆನ್ನಾಗಿ ಮಡಚಲು ಇನ್ನೂ ಸ್ವಲ್ಪ ಬೇಕು. ಕಾದ ಪೈಪ್ ತಾನೇ ಬಾಯಿ ಬಿಡುತ್ತದೆ. ಅದನ್ನು ಎರಡು ಶಹಾಬಾದ್ ಪರಸಿ ಕಲ್ಲುಗಳ ನಡುವೆ ಇಟ್ಟು ಒತ್ತಿದರೆ ಹಾಳೆ ತಯಾರು. ಗುರುತು ಹಾಕಿ ಕತ್ತರಿಸುವುದು ಇದಾದ ಮೇಲೇ. ಯಾಕಂದರೆ ಪೈಪ್ ಕಾದಾಗ ಉದ್ದದಲ್ಲಿ ಸ್ವಲ್ಪ ಕುಗ್ಗುತ್ತದೆ, ನಾನು ಮೊದಲೇ ಅಳತೆ ಹಾಕಿ ಕತ್ತರಿಸಿದ ಎರಡು ತುಂಡು ಗಿಡ್ಡ ಆಗಿ ಕೆಟ್ಟವು. ಇನ್ನೊಂದು ಮಾತು, ಇದನ್ನು ಮನೆ ಒಳಗೆ ಮಾಡಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಆಸಿಡ್ ಇರುತ್ತದೆ, ಗಂಟಲು ಹಿಡಿಯುತ್ತದೆ. ಬಣ್ಣ ಕಂದು ತಿರುಗಿತೆಂದರೆ ಕಾವು ಜಾಸ್ತಿ ಆಗಿದೆ ಅಂತಲೇ. ತಕ್ಷಣ ಗನ್ ಆರಿಸಿ.

ಚಾಕುವಿನ ಅಲಗಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಚ್ಚುತ್ತೇನೆ. ಅಲಗಿಗೆ ಗೀರು ಬೀಳುವುದಿಲ್ಲ, ಒಳಗೆ ಕೂದಲೆಳೆಯಷ್ಟು ಜಾಗವೂ ಉಳಿಯುತ್ತದೆ. ಹಾಳೆಯನ್ನು ಮತ್ತೆ ಕಾಸಿ, ಚಾಕುವಿನ ಬೆನ್ನ ಮೇಲೆ ಮಡಚಿ, ಎರಡೂ ಕಡೆ ಹಳೇ ಯೋಗ ಮ್ಯಾಟಿನ ತುಂಡು ಇಟ್ಟು ಪರಸಿಗಳ ನಡುವೆ ಸಿ ಕ್ಲ್ಯಾಂಪ್ ಬಿಗಿಯುತ್ತೇನೆ. ಕೈಗೆ ದಪ್ಪ ಗ್ಲೌಸ್ ಬೇಕೇ ಬೇಕು. ಇಡೀ ಕೆಲಸದ ಜೀವ ಇರುವುದು ಹಿಡಿಕೆ ಮತ್ತು ಅಲಗು ಕೂಡುವ ಜಾಗದಲ್ಲಿ. ಪ್ಲಾಸ್ಟಿಕ್ ಅಲ್ಲಿ ಇನ್ನೂ ಬಿಸಿ ಇರುವಾಗಲೇ ಹೆಬ್ಬೆರಳಿನಿಂದ ಸ್ವಲ್ಪ ಒಳಗೆ ಒತ್ತಿ ಒಂದು ತಗ್ಗು ಮಾಡಬೇಕು. ಚಾಕು ಒಳಗೆ ಹೋಗಿ ಟಕ್ ಅಂತ ಕೂರುವುದು ಆ ತಗ್ಗಿನಿಂದಲೇ. ಆ ಸದ್ದು ಬಂದರೆ ಒರೆಯನ್ನು ತಲೆಕೆಳಗೆ ಮಾಡಿ ಜಾಡಿಸಿದರೂ ಚಾಕು ಬೀಳುವುದಿಲ್ಲ. ಮೊದಲ ಸಲ ಆ ಸದ್ದು ಕೇಳಿದಾಗ ಹತ್ತು ಸಲವಾದರೂ ತೆಗೆದು ಹಾಕಿ ಮಾಡಿದ್ದೇನೆ.

ಬೇಸಿಗೆಯಲ್ಲಿ ಬೇರೆ ತೊಂದರೆ. ಹೊರಗೆ 42–43 ಡಿಗ್ರಿ ಇದ್ದಾಗ ಮಾಳಿಗೆ ಮೇಲಿನ ಪರಸಿಯೇ ಕಾದ ಹೆಂಚಿನಂತಿರುತ್ತದೆ. ಅದರಲ್ಲಿ ಒತ್ತಿದ್ದು ಬೇಗ ಆರುವುದಿಲ್ಲ, ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಬಾಯಿ ಅಗಲಿಸಿಕೊಳ್ಳುತ್ತದೆ. ಈಗ ಪರಸಿಗಳನ್ನು ರಾತ್ರಿಯೇ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಿಗಿಡುತ್ತೇನೆ, ಬೆಳಿಗ್ಗೆ ಏಳಕ್ಕೆಲ್ಲ ಕೆಲಸ ಮುಗಿಸುತ್ತೇನೆ.

ಅಂಚು ಕೂಡಿಸಲು ಮೊದಲು ಫ್ಲೆಕ್ಸ್ ಬ್ಯಾನರಿಗೆ ಹೊಡೆಯುವ ಐಲೆಟ್ ರಿಂಗ್ ತಂದೆ. ಎರಡೂವರೆ ಮಿಲಿಮೀಟರಿನ ಎರಡು ಪದರಕ್ಕೆ ಅದು ಗಿಡ್ಡ, ಹಿಡಿಯಲಿಲ್ಲ. ಈಗ ಸಣ್ಣ ನಟ್ಟು ಬೋಲ್ಟು ಹಾಕುತ್ತೇನೆ, ಎರಡು ಪದರದ ನಡುವೆ ಹಳೇ ರಬ್ಬರ್ ಟ್ಯೂಬಿನ ಚೂರು. ಬೋಲ್ಟ್ ತಿರುವಿದರೆ ಹಿಡಿತ ಬಿಗಿ, ಬಿಟ್ಟರೆ ಸಡಿಲ. ತೂತು ಅಲಗಿನ ಬಾಯಿಯಿಂದ ಆರೇಳು ಮಿಲಿಮೀಟರ್ ಆಚೆ ಇರಲಿ. ತುದಿಯಲ್ಲಿ ನೀರು ಇಳಿಯಲು ಒಂದು ಸಣ್ಣ ತೂತು ಮರೆಯಬೇಡಿ.

ಮೊದಲ ಒರೆ ಅಪ್ಪನಿಗೆ ಕೊಟ್ಟಾಗ ತಿರುಗಿಸಿ ತಿರುಗಿಸಿ ನೋಡಿ, "ಕಿಸೆದಾಗ ಇಟ್ಕೊಂಡ್ರೂ ಚುಚ್ಚಂಗಿಲ್ಲಲ್ಲ" ಅಂದರು. ನನಗೆ ಅಷ್ಟೇ ಬೇಕಿತ್ತು. ಆದರೆ ಮೇ ತಿಂಗಳಲ್ಲಿ ಕಾಕಾನ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಮಧ್ಯಾಹ್ನವಿಡೀ ಅದು ಬಿಸಿಲಿಗೆ ಬಿದ್ದಿತ್ತು, ಗಾಜು ಏರಿಸಿಟ್ಟ ಗಾಡಿ. ಸಂಜೆ ನೋಡಿದರೆ ಒರೆಯ ಬಾಯಿ ಅಗಲವಾಗಿ, ಚಾಕು ಒಳಗೆ ಲಟಲಟ ಆಡುತ್ತಿತ್ತು. ಕೈಡೆಕ್ಸ್ ಆಗಿದ್ದರೂ ಅಲ್ಲಿ ಹೆಚ್ಚು ಉಳಿಯುತ್ತಿರಲಿಲ್ಲ. ಅವತ್ತು ರಾತ್ರಿಯೇ ಮತ್ತೆ ಕಾಸಿ ಒತ್ತಿದೆ, ಈಗಲೂ ಅದನ್ನೇ ಬಳಸುತ್ತಿದ್ದಾರೆ. ಗಾಡಿಯಲ್ಲಿ ಮಾತ್ರ ಸೀಟಿನ ಕೆಳಗೆ ಇಡುತ್ತಾರೆ.

ಕುಡುಗೋಲಿಗೆ ಈ ಮಡಚುವ ಒರೆ ಆಗುವುದಿಲ್ಲ. ಅದರ ಬಾಗು ಬುಡದಲ್ಲಿ ಒಂದು ತರ, ತುದಿಯಲ್ಲಿ ಒಂದು ತರ, ಒಳಗೆ ಜಾರುವುದೇ ಇಲ್ಲ. ಅದಕ್ಕೆ ವೈರಿಂಗ್ ಪೈಪನ್ನು ಉದ್ದಕ್ಕೆ ಒಂದೇ ಕಡೆ ಸೀಳಿ, ಕಾಸಿ, ಅಲಗಿನ ಬಾಗಿಗೆ ತಕ್ಕಂತೆ ಬಗ್ಗಿಸಿ ಬಾಯಿಯ ಮೇಲೆ ಕೂರಿಸಿದೆ. ಸುತ್ತ ಒಂದು ರಬ್ಬರ್. ಓಣಿಯವರು ಈಗ ಕುಡುಗೋಲು ತಂದು ಕೊಡುತ್ತಿದ್ದಾರೆ, ನಾನು ದುಡ್ಡು ತಗೊಳ್ಳುವುದಿಲ್ಲ, ಪೈಪಿನ ತುಂಡು ಇದ್ದರೆ ತನ್ನಿ ಅನ್ನುತ್ತೇನೆ.

ಅಕ್ಕನ ಮಗಳು ಈಗ ಅಂಬೆಗಾಲಿಡುತ್ತಾಳೆ. ಬೆರಳಿಗೆ ಹೊಲಿಗೆ ಹಾಕಿಸಿಕೊಂಡ ಅವ್ವನೇ ಮೊನ್ನೆ ಈಳಿಗೆ ತಂದು ನನ್ನ ಮುಂದಿಟ್ಟು, ಇದಕ್ಕೂ ಒಂದು ಮಾಡು ಅಂದಳು. ರಟ್ಟಿನಲ್ಲಿ ಅಳತೆ ಕತ್ತರಿಸಿ ಇಟ್ಟಿದ್ದೇನೆ. ಪರಸಿಗಳು ಗೋಣಿಚೀಲದೊಳಗಿವೆ, ನಾಳೆ ಭಾನುವಾರ.