ಇನ್ನೂ ಒಡೆಯುತ್ತಾ? ಭಿನ್ನರಾಶಿ ನೋಟ್‌ಬುಕ್, ಮೂರನೇ ವಾರ

ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಕೈಬಿಟ್ಟ ಗಣಿತವನ್ನು ಮತ್ತೆ ಹಿಡಿದಿದ್ದೇನೆ. ಪರೀಕ್ಷೆ ಏನೂ ಇಲ್ಲ, ಸುಮ್ನೆ ಹಟ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ. ಈ ವಾರ ಒಂದೇ ಕೆಲಸ: ಭಿನ್ನರಾಶಿಯನ್ನು ಅತ್ಯಂತ ಸರಳ ರೂಪಕ್ಕೆ ತರುವುದು.

ಸೋಮವಾರ

84/126. ಎರಡೂ ಸಮ ಸಂಖ್ಯೆ, ಎರಡರಿಂದ ಹೊಡೆದೆ. 42/63 ಬಂತು. ಅಂಕಿಗಳನ್ನು ಕೂಡಿದರೆ ಮೇಲೆ 6, ಕೆಳಗೆ 9. ಅಂದರೆ ಮೂರರಿಂದ ಹೋಗುತ್ತದೆ. 14/21. ಮುಗೀತು ಅಂತ ಕೆಳಗೆ ಗೆರೆ ಎಳೆದೆ.

ಪುಸ್ತಕದ ಹಿಂದೆ ಉತ್ತರ ನೋಡಿದರೆ 2/3! ಏಳೆರಡ್ಲಿ ಹದಿನಾಲ್ಕು, ಏಳ್ಮೂರ್ಲಿ ಇಪ್ಪತ್ತೊಂದು. ಮಗ್ಗಿ ಬಾಯಲ್ಲೇ ಇತ್ತು. ಆದರೆ ಒಂದು ಸಮ, ಒಂದು ಬೆಸ, ಇವೆರಡಕ್ಕೂ ಏನು ನಂಟು ಅಂದುಕೊಂಡುಬಿಟ್ಟೆ.

ಇಪ್ಪತ್ತು ಲೆಕ್ಕದಲ್ಲಿ ಏಳು ತಪ್ಪು. ಏಳರಲ್ಲೂ ಭಾಗಾಕಾರ ಸರಿಯಾಗಿಯೇ ಇದೆ. ಬೇಗ ನಿಲ್ಲಿಸಿದ್ದೇನೆ, ಅಷ್ಟೇ. ಹಾಗಾದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದು ಹೇಗೆ?

ಬುಧವಾರ

ಗೆಳೆಯನೊಬ್ಬ ತಮಾಷೆ ತೋರಿಸಿದ. 16/64ರಲ್ಲಿ ಮೇಲಿನ 6, ಕೆಳಗಿನ 6 ಎರಡಕ್ಕೂ ಕಾಟು ಹೊಡಿ. ಉಳಿದದ್ದು 1/4. ಉತ್ತರ ಸರಿ! 19/95ರಲ್ಲಿ 9 ಹೊಡೆದರೆ 1/5, ಅದೂ ಸರಿ. 26/65, 49/98 ಕೂಡ ಹೀಗೇ ಬರುತ್ತವೆ. ಅದೇ ಧೈರ್ಯದಲ್ಲಿ 13/36ಕ್ಕೆ ಕೈ ಹಾಕಿ 3 ಹೊಡೆದೆ. 1/6 ಬಂತು. 1/6 ಅಂದರೆ 6/36. ಹದಿಮೂರು ಇದ್ದದ್ದು ಆರಾಯಿತು, ಅರ್ಧಕ್ಕಿಂತ ಜಾಸ್ತಿ ಮಾಯ. ನಿಜ ಹೇಳಬೇಕೆಂದರೆ 13/36 ಒಡೆಯುವುದೇ ಇಲ್ಲ. ಮಕ್ಕಳಿಗೆ ಮಾತ್ರ ಈ ತಮಾಷೆ ತೋರಿಸಬಾರದು.

ಶುಕ್ರವಾರ

391/437. ಇದು ನನ್ನ ಇಡೀ ಸಂಜೆ ತಿಂದಿತು. 2 ಇಲ್ಲ, 3 ಇಲ್ಲ, 5 ಇಲ್ಲ. 7, 11, 13 ಯಾವುದೂ ಇಲ್ಲ. 17ರಿಂದ 391 ಹೋಯಿತು, ಖುಷಿಯಾಯಿತು. 437 ಹೋಗಲಿಲ್ಲ. ಒಡೆಯಲ್ಲ ಅಂತ ಬರೆಯಲು ಹೊರಟಿದ್ದೆ.

ಆಮೇಲೆ ಒಂದು ಹಳೇ ಉಪಾಯ ಓದಿದೆ. ಸುಮಾರು ಕ್ರಿ.ಪೂ. 300ರ ಹೊತ್ತಿಗೇ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಬರೆದಿಟ್ಟದ್ದು. ಒಂದು ಸಂಖ್ಯೆ ಎರಡನ್ನೂ ಶೇಷ ಉಳಿಸದೆ ಭಾಗಿಸುವುದಾದರೆ, ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. 437ರಲ್ಲಿ 391 ಕಳೆದರೆ 46. ಈಗ 391ನ್ನು 46ರಿಂದ ಭಾಗಿಸು: ಎಂಟು ಸಲ ಹೋಗಿ 23 ಉಳಿಯುತ್ತದೆ. 46ನ್ನು 23ರಿಂದ ಭಾಗಿಸು: ಏನೂ ಉಳಿಯಲ್ಲ. ಹಾಗಾದರೆ 23 ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ. ಮೇಲೆ 17, ಕೆಳಗೆ 19. ಉತ್ತರ 17/19.

ಇದು ಇನ್ನೂ ಒಡೆಯುತ್ತಾ? ವ್ಯತ್ಯಾಸ 2, ಎರಡೂ ಬೆಸ. ಇಲ್ಲ, ಮುಗೀತು. ಈ ಸಲ ಹಿಂದಿನ ಪುಟ ತಿರುಗಿಸಲಿಲ್ಲ.

ಸೋಮವಾರದ ಪುಟಕ್ಕೆ ಹೋಗಿ ನೋಡಿದೆ. 21ರಲ್ಲಿ 14 ಹೋದರೆ 7. ಕಣ್ಣೆದುರೇ ಕೂತಿತ್ತು! 126ರಲ್ಲಿ 84 ಕಳೆದಿದ್ದರಂತೂ ಸೀದಾ 42 ಸಿಗುತ್ತಿತ್ತು. ಮೂರು ಸಲ ಹೊಡೆಯುವುದು ಒಂದೇ ಏಟಿಗೆ.

ಭಾನುವಾರ

ಮನೆಯ ಹಳೇ ಇಂಚಿನ ಸ್ಪ್ಯಾನರ್‌ಗಳನ್ನು ಒರೆಸುತ್ತಿದ್ದೆ. 1/4, 5/16, 3/8, 7/16, 1/2, 9/16. ಯಾವುದು ದೊಡ್ಡದು ಅಂತ ಪ್ರತಿ ಸಲ ತಡಕಾಡುತ್ತೇನೆ. ಈ ಸಲ ಉಲ್ಟಾ ಮಾಡಿದೆ, ಎಲ್ಲದರ ಛೇದವನ್ನೂ 16 ಮಾಡಿದೆ. 4, 5, 6, 7, 8, 9! ಮೆಟ್ಟಿಲಿನ ಹಾಗೆ ಸಾಲಾಗಿವೆ. ಇಲ್ಲಿ ಸರಳ ರೂಪವೇ ನನ್ನನ್ನು ಗೋಳು ಹೊಯ್ದುಕೊಂಡದ್ದು. ನನ್ನ ಕೇಳಿದರೆ ಸ್ಪ್ಯಾನರ್ ಮೇಲೆ 6/16 ಅಂತಲೇ ಬರೆಯಬೇಕಿತ್ತು.

ಇವತ್ತಿನ ಇಪ್ಪತ್ತರಲ್ಲಿ ಒಂದೇ ತಪ್ಪು. ಅದೂ 69ನ್ನು 96 ಅಂತ ಇಳಿಸಿಕೊಂಡದ್ದಕ್ಕೆ. ನಾಳೆಗೆ 1147/1271 ಬರೆದಿಟ್ಟಿದ್ದೇನೆ. ವ್ಯತ್ಯಾಸ 124. ಅಷ್ಟು ಮಾಡಿ ಪೆನ್ನು ಮುಚ್ಚಿದೆ.