ಸೀಲ್ ಕತ್ತರಿಸುವ ಮುಂಚೆ ಹಳೇ ಲ್ಯಾಪ್‌ಟಾಪ್ ಹಚ್ಚಿ ನೋಡ್ರಿ

ನನ್ನದು ವೇಬ್ರಿಜ್, ಅಂದರೆ ಲಾರಿ ತೂಗುವ ಕಾಟಾ, ರಿಪೇರಿ ಮಾಡುವ ಕೆಲಸ. ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಕಪನೂರ ಕಡೆಯ ದಾಲ್ ಮಿಲ್‌ಗಳಿಂದ ಬರುವ ಫೋನುಗಳದ್ದು ಒಂದೇ ರಾಗ: "ಸಾಹೇಬ್ರ, ತೂಕ ಕುಣಿಲಕತ್ತದ್ರಿ." ಒಮ್ಮೆ ಹೀಗೆ ಫೋನ್ ಬಂತು, ಹಿಂದಿನ ದಿನ ಅಕಾಲಿಕ ಮಳೆ ಬಿದ್ದಿತ್ತು. ಮಳೆ ಅಂದಮೇಲೆ ಲೋಡ್ ಸೆಲ್‌ಗಳ (ಭಾರ ಅಳೆಯುವ ಸೆನ್ಸರ್) ವೈರ್ ಕೂಡುವ ಜಂಕ್ಷನ್ ಬಾಕ್ಸಿಗೆ ನೀರು, ನೀರು ಅಂದಮೇಲೆ ಡ್ರಿಫ್ಟ್, ಅಂದರೆ ತೂಕ ತಾನೇ ಸರಿದಾಡುವುದು. ದಾರಿಯಲ್ಲೇ ತೀರ್ಪು ಬರೆದಾಗಿತ್ತು. ವೇಬ್ರಿಜ್ ಕ್ಯಾಬಿನ್ನಿಗೆ ಕಾಲಿಡದೆ ನೇರ ಕಾಟಾದ ಕೆಳಗಿನ ಪಿಟ್ಟಿಗೆ ಇಳಿದು, ಬಾಕ್ಸಿಗೆ ಹಾಕಿದ್ದ ತೂಕ-ಅಳತೆ ಇಲಾಖೆಯ ಸೀಲಿನ ತಂತಿ ಕತ್ತರಿಸಿದೆ.

ಒಳಗೆ ಹನಿ ತೇವವಿಲ್ಲ. ತೇವ ಹೀರಿದರೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇನ್ನೂ ನೀಲಿ. ಒಂದೊಂದೇ ಸೆಲ್ ಬಿಚ್ಚಿ ಸಿಗ್ನಲ್ ಜೋಡಿಗೆ ಮೀಟರ್ ಹಿಡಿದರೆ ಆರಕ್ಕೆ ಆರೂ 350 ಓಮ್ ಆಸುಪಾಸು, ಅಂದರೆ ಎಲ್ಲವೂ ಸರಿ. ಮೇಲಿಂದ ಗುಮಾಸ್ತರ ದನಿ: "ಗಾಡಿ ಗೇಟಿನ ತನ ನಿಂತಾವ, ಇನ್ನಾ ಎಷ್ಟೊತ್ರಿ?" ಉತ್ತರ ಇರಲಿಲ್ಲ. ನಲವತ್ತು ನಿಮಿಷದ ಮೇಲೆ ವೈರ್ ಕೂಡಿಸಿ, ಒಂದು ಲಾರಿ ಏರಿಸಿ ಕ್ಯಾಬಿನ್ನಿಗೆ ಹೋದೆ. ತೂಕ ತೋರಿಸುವ ಇಂಡಿಕೇಟರಿನಲ್ಲಿ 18,460 ಕಿಲೋ ಅಲ್ಲಾಡದೆ ನಿಂತಿದೆ. ಪಕ್ಕದ ಹೊಸ ಲ್ಯಾಪ್‌ಟಾಪಿನ ಪರದೆಯಲ್ಲಿ ಒಮ್ಮೆ 18460, ಒಮ್ಮೆ 1846. ಕುಣಿಯುತ್ತಿದ್ದದ್ದು ತೂಕವಲ್ಲ, ಪರದೆ.

ಆ ತೆಳ್ಳನೆಯ ಲ್ಯಾಪ್‌ಟಾಪಿಗೆ ಇದ್ದದ್ದು ಎರಡು ಟೈಪ್-ಸಿ ಕಿಂಡಿ. ಅದಕ್ಕೆ ಹಬ್, ಹಬ್ಬಿಗೆ ಮೌಸ್, ಪ್ರಿಂಟರ್, ಕೊನೆಗೊಂದು ಅಗ್ಗದ ಸೀರಿಯಲ್ ಕನ್ವರ್ಟರ್, ಇಂಡಿಕೇಟರಿನ ಹಳೇ ನಮೂನೆಯ ಸೀರಿಯಲ್ ಕೇಬಲನ್ನು ಯುಎಸ್‌ಬಿಗೆ ಕೂಡಿಸುವುದು. ಇಂಥ ಕನ್ವರ್ಟರುಗಳಲ್ಲಿ ಆರ್‌ಎಸ್-232 (ಸೀರಿಯಲ್ ಕೇಬಲ್ಲಿನ ಸಿಗ್ನಲ್ ಮಾನದಂಡ) ಕೇಳುವ ವೋಲ್ಟೇಜ್ ಕೊಡುವ ಲೆವೆಲ್ ಚಿಪ್ಪೇ ಇರದಿರಬಹುದು. ಮಿಲ್ಲಿನ ಮೋಟರ್ ಶುರುವಾದಾಗೆಲ್ಲ ಕೇಬಲ್ಲಿನಲ್ಲಿ ನಾಯ್ಸ್ ಸೇರಿ ಒಂದು ಅಕ್ಷರ ನುಂಗಿಹೋಗುತ್ತದೆ, ಸಾಫ್ಟ್‌ವೇರ್ ಉಳಿದದ್ದನ್ನೇ ತೂಕ ಎಂದು ಓದುತ್ತದೆ. ಜೀಪಿನಲ್ಲಿದ್ದ ಡೆಲ್ ಲ್ಯಾಟಿಟ್ಯೂಡ್ ಡಿ630 ತಂದು ಹಚ್ಚಿದರೆ ಒಂದಂಕಿಯೂ ತಪ್ಪಲಿಲ್ಲ. 2007ರ ಮಾಡೆಲ್ಲು, ಬೆನ್ನಿಗೇ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು.

ಇದನ್ನೇ ಮೊದಲು ಮಾಡಬೇಕಿತ್ತು. ಲ್ಯಾಪ್‌ಟಾಪಿನ ಸೀರಿಯಲ್ ಪೋರ್ಟಿನ ಪಿನ್ 2 ಮತ್ತು 3ನ್ನು ತುಂಡು ತಂತಿಯಿಂದ ಕೂಡಿಸಿ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಟೈಪ್ ಮಾಡಿ. ಒತ್ತಿದ ಅಕ್ಷರ ವಾಪಸ್ ಬಂದರೆ ಪೋರ್ಟು ಸರಿ. ತಂತಿ ತೆಗೆದು ಇಂಡಿಕೇಟರ್ ಹಚ್ಚಿ, 9600 8-ಎನ್-1 (ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್) ಇಟ್ಟು ನೋಡಿ. ಕಸ ಅಕ್ಷರ ಬಂದರೆ ಬಾಡ್ (ವೇಗ) ಅಥವಾ ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಹೊಂದುತ್ತಿಲ್ಲ, 2400 7-ಇ-1ಕ್ಕೆ (7 ಬಿಟ್, ಸಮ ಪ್ಯಾರಿಟಿ) ಬದಲಿಸಿ ನೋಡಿ. ಏನೂ ಬರದಿದ್ದರೆ ಕೇಬಲ್ ಅಥವಾ ಇಂಡಿಕೇಟರಿನ ಪ್ರಿಂಟ್ ಸೆಟ್ಟಿಂಗ್. ಐದು ನಿಮಿಷದ ಕೆಲಸ, ಸೀಲ್ ಮುಟ್ಟುವ ಮಾತೇ ಇಲ್ಲ. ಕನ್ವರ್ಟರ್ ಇಲ್ಲದೆ ಗತಿಯಿಲ್ಲ ಅನ್ನುವವರು ಎಫ್‌ಟಿಡಿಐ ಕಂಪನಿಯ ಅಸಲಿ ಚಿಪ್ಪಿನದನ್ನು ತಗೊಳ್ಳಿ, ಯಾವಾಗಲೂ ಒಂದೇ ಕಿಂಡಿಗೆ ಹಾಕಿ. ಕಿಂಡಿ ಬದಲಾದರೆ ಕಾಮ್ ನಂಬರ್ (ವಿಂಡೋಸ್ ಸೀರಿಯಲ್ ಪೋರ್ಟಿಗೆ ಕೊಡುವ ಸಂಖ್ಯೆ) ಬದಲಾಗಿ ಹಳೇ ಸಾಫ್ಟ್‌ವೇರ್ ಕಣ್ಣು ಮುಚ್ಚಿ ಕೂರಬಹುದು. ಹಳೆಯ ಪ್ರೊಲಿಫಿಕ್ ಚಿಪ್ಪಿನವು ಇನ್ನೊಂದು ಪಿಡುಗು: ವಿಂಡೋಸ್ ತಾನೇ ಹೊಸ ಡ್ರೈವರ್ ಹಾಕಿಕೊಂಡ ಮಾರನೇ ದಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು. ಡ್ರೈವರ್ ರೋಲ್‌ಬ್ಯಾಕ್ ಮಾಡಿದರೆ, ಅಂದರೆ ಹಳೆಯದಕ್ಕೇ ವಾಪಸ್ ಹೋದರೆ, ಮತ್ತೆ ಉಸಿರಾಡುತ್ತದೆ.

ಡಿ630 ಹುಡುಕುವವರು ಇಂಟೆಲ್ ಗ್ರಾಫಿಕ್ಸ್ ಇರುವುದನ್ನೇ ಕೊಳ್ಳಿ. ಆ ಕಾಲದ ಎನ್‌ವಿಡಿಯಾ ಚಿಪ್ಪುಗಳ ಬೆಸುಗೆ ಬಿಸಿ-ತಣ್ಣಗೆ ಬಿರುಕು ಬಿಡುತ್ತದೆ. ನಮ್ಮ ಏಪ್ರಿಲ್-ಮೇನಲ್ಲಿ ಕ್ಯಾಬಿನ್ ಒಳಗಿನ ಧಗೆ ಹೇಳಬೇಕಿಲ್ಲ. ಚಾರ್ಜರ್ ಜಾಕಿನ ನಡುವಿನ ಪಿನ್ ಬಾಗಿದ್ದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ. ಒಳಗಿನ ಗಡಿಯಾರ ನಡೆಸುವ ಪುಟ್ಟ ಸಿಮಾಸ್ ಸೆಲ್ ಸತ್ತಿದ್ದರೆ ತೂಕದ ಚೀಟಿಯ ಮೇಲೆ ಯಾವುದೋ ಕಾಲದ ತಾರೀಖು ಬೀಳುತ್ತದೆ, ತಂದ ದಿನವೇ ಬದಲಿಸಿ. ತೊಗರಿ ಹೊಟ್ಟಿನ ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಹೋಗದು, ಫ್ಯಾನ್ ಬಿಚ್ಚಿ ಬ್ರಷ್ ಹಾಕಿ, ಚಿಪ್ಪಿನ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹೊಸದು ಹಚ್ಚಿ.

ಬಜೆಟ್ ಇದ್ದರೆ ಪ್ಯಾನಸೋನಿಕ್ ಟಫ್‌ಬುಕ್ ಸಿಎಫ್-31 ನೋಡಿ. ಹಿಡಿ ಇದೆ, ಸೀರಿಯಲ್ ಪೋರ್ಟಿದೆ, ಪರದೆ ಬಿಸಿಲಲ್ಲೂ ಓದಿಸುತ್ತದೆ. ಐಪಿ 65 (ಧೂಳು, ನೀರು ತಡೆಯುವ ದರ್ಜೆ) ಎಂದು ಸ್ಟಿಕ್ಕರ್ ಇದ್ದಮಾತ್ರಕ್ಕೆ ನಂಬಬೇಡಿ. ಹಿಂದಿನವರು ಬಿಚ್ಚಿ ಗ್ಯಾಸ್ಕೆಟ್ ಸರಿಯಾಗಿ ಕೂರಿಸದಿದ್ದರೆ ಧೂಳಿಗೆ ಬಾಗಿಲು ತೆರೆದಂತೆ. ಅದರ ಚಾರ್ಜರ್ 15.6 ವೋಲ್ಟ್, ಜೀಪಿನಲ್ಲಿ ಬಿದ್ದಿರುವ 19 ವೋಲ್ಟಿನದನ್ನು ಚುಚ್ಚಬೇಡಿ. ಥಿಂಕ್‌ಪ್ಯಾಡ್ ಆದರೆ ಹಣ ಕೊಡುವ ಮುಂಚೆ ಆನ್ ಮಾಡುವಾಗ ಎಫ್1 ಒತ್ತಿ ಬಯಾಸ್ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಒಳಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ವಾಪಸ್ ಕೊಟ್ಟುಬಿಡಿ, ಸಿಮಾಸ್ ಸೆಲ್ ತೆಗೆದರೆ ಅದು ಅಳಿಯುವುದಿಲ್ಲ. ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವುದಕ್ಕೆ ಇಂಟರ್‌ನೆಟ್ ಬೇಡ, ಮಿಲ್ಲಿನವರ ಪೆನ್‌ಡ್ರೈವ್ ಅಂತೂ ಬೇಡವೇ ಬೇಡ.

ಆ ದಿನ ಸೀಲ್ ಕತ್ತರಿಸಿದ್ದಕ್ಕೆ ಮತ್ತೆ ಸ್ಟಾಂಪಿಂಗ್, ಅಂದರೆ ಇಲಾಖೆಯ ತಪಾಸಣೆ ಮತ್ತು ಮುದ್ರೆ, ಆಗಬೇಕಾಯಿತು. ಅಲ್ಲಿಯ ತನಕ ಆ ಮಿಲ್ಲಿನ ಗಾಡಿಗಳು ಬೇರೆಯವರ ವೇಬ್ರಿಜ್‌ಗೆ ತೂಕಕ್ಕೆ ಹೋದವು, ಬಿಲ್ ನಮ್ಮ ಆಫೀಸಿಗೆ ಬಂತು. ಮೇಲಿನವರು ವರದಿ ಓದಿ ತಂಡಕ್ಕೆಲ್ಲ ಹೊಸ ಲ್ಯಾಪ್‌ಟಾಪ್ ಮಂಜೂರು ಮಾಡಿದರು: ತೆಳ್ಳಗಿನದು, ಎರಡು ಟೈಪ್-ಸಿ. ಡಿ630ಗೆ ಬ್ಯಾಟರಿ ಕೇಳಿ ಹಾಕಿದ ಇಂಡೆಂಟ್ (ಬೇಡಿಕೆ ಪತ್ರ) ಮಾತ್ರ ವಾಪಸ್ ಬಂದಿದೆ. ರಿಜಿಸ್ಟರಿನಲ್ಲಿ ಅದು ಸ್ಕ್ರಾಪ್ ಅಂತೆ.