"ಅದಕ್ಕೆ ನಿಮಗೆ ಎಷ್ಟು ಕೊಡ್ತಾರೆ?"

ತುಮಕೂರಿನಲ್ಲಿ ಅತ್ತಿಗೆಯ ಮನೆಗೆ ಹೋದರೂ ಸರಿ, ಇಲ್ಲಿ ಮಿಶಿಗನ್‌ನಲ್ಲಿ ಕನ್ನಡ ಕೂಟದ ಯುಗಾದಿ ಊಟಕ್ಕೆ ಕೂತರೂ ಸರಿ, ಈ ಪ್ರಶ್ನೆ ತಪ್ಪುವುದಿಲ್ಲ. "ಯಾವುದೋ ದೇಶದ, ಯಾರದ್ದೋ ಮಗೂನ ಹತ್ತು ತಿಂಗಳು ಮನೇಲಿಟ್ಕೊಂಡು ಸಾಕ್ತೀರಲ್ಲ, ಅದಕ್ಕೆ ನಿಮಗೆ ಎಷ್ಟು ಕೊಡ್ತಾರೆ?"

ಏನೂ ಕೊಡುವುದಿಲ್ಲ. ಜೆ-1 ವೀಸಾದಲ್ಲಿ ಅಮೆರಿಕದ ಹೈಸ್ಕೂಲಿಗೆ ಬರುವ ವಿನಿಮಯ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವ ಮನೆಯವರು ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಮಗು ನಮ್ಮ ಮನೆಯಲ್ಲಿದ್ದು ಶಾಲೆಗೆ ಹೋದ ಒಂದೊಂದು ತಿಂಗಳಿಗೆ 50 ಡಾಲರ್‌ವರೆಗಿನ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ದಾನವೆಂದು ತೋರಿಸಬಹುದು, ಅಷ್ಟೆ. ಕೈಖರ್ಚನ್ನು ಮಕ್ಕಳೇ ತರುತ್ತಾರೆ. ಊಟ, ಹಾಸಿಗೆ, ಅಕ್ಕರೆ ನಮ್ಮದು.

ಈ ಪದ್ಧತಿಯ ಬೇರಿನಲ್ಲೇ ಸಂಬಳವಿಲ್ಲ. ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕನ್ ಫೀಲ್ಡ್ ಸರ್ವಿಸ್‌ನ ಆಂಬುಲೆನ್ಸ್ ಚಾಲಕರು ಸ್ವಯಂಸೇವಕರು. ಯುದ್ಧ ಕಂಡು ಬಂದ ಅವರೇ, ಸ್ಟೀಫನ್ ಗಲಾಟಿಯವರ ನೇತೃತ್ವದಲ್ಲಿ, 1947ರಲ್ಲಿ ಹೈಸ್ಕೂಲು ಮಕ್ಕಳ ವಿನಿಮಯ ಶುರುಮಾಡಿದರು. ಅದೇ ಇಂದಿನ ಎಎಫ್‌ಎಸ್.

ಆದರೆ ದುಡ್ಡಿಲ್ಲದಿರುವುದು ಎಷ್ಟು ಒಳ್ಳೆಯದೆಂದು ನನಗೆ ಗೊತ್ತಾದದ್ದು ನಮ್ಮ ಮನೆಗೆ ಬಂದ ಮೊದಲ ಹುಡುಗಿಯಿಂದ. ಜರ್ಮನಿಯವಳು, ಹದಿನಾರು ವರ್ಷ. ಮೊದಲ ತಿಂಗಳೆಲ್ಲ ನಾವು ಅವಳನ್ನು ನೆಂಟರ ಹಾಗೆ ನೋಡಿಕೊಂಡೆವು. ತಟ್ಟೆ ಎತ್ತಲು ಬಿಡಲಿಲ್ಲ. "ಬೇಡಮ್ಮ, ನೀನು ಕೂತ್ಕೋ" ಅನ್ನುವುದೇ ಪ್ರೀತಿ ಎಂದುಕೊಂಡಿದ್ದೆ. ಒಂದು ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ನಾನೇನಾದರೂ ತಪ್ಪು ಮಾಡಿದೆನಾ? ನಿಮ್ಮ ಮಗನಿಗೆಲ್ಲ ಕೆಲಸ ಹೇಳ್ತೀರಿ, ನನಗೆ ಮಾತ್ರ ಯಾಕೆ ಹೇಳಲ್ಲ?" ಮಾರನೇ ದಿನದಿಂದ ಪಾತ್ರೆ ಜೋಡಿಸುವುದು ಅವಳ ಪಾಲಿಗೆ ಬಂತು, ತಡವಾಗಿ ಬಂದರೆ ಬೈಗುಳವೂ. ಅವಳ ಅಪ್ಪ ಅಮ್ಮನಿಂದ ನಾನು ತಿಂಗಳಿಗಿಷ್ಟು ಎಂದು ಎಣಿಸಿಕೊಳ್ಳುತ್ತಿದ್ದರೆ ಬೈಯಲು ಬಾಯಿ ಬರುತ್ತಿತ್ತೇ? ಅವಳಿಗಾದರೂ "ಇವತ್ತು ಸಾರು ಬೇಡ, ಬರೀ ಮೊಸರನ್ನ ಸಾಕು" ಎಂದು ಹಠ ಮಾಡುವ ಸಲಿಗೆ ಬರುತ್ತಿತ್ತೇ?

ನವೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾಗತೊಡಗಿದಾಗ ಅವಳ ಕೋಣೆಯ ಬಾಗಿಲು ಮುಚ್ಚಿತು. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷವೂ ಅದೇ ತಿಂಗಳಲ್ಲಿ ಅತ್ತಿದ್ದೆ. ಸಮಾಧಾನದ ಮಾತೇನೂ ಹೇಳಲಿಲ್ಲ. ಚಪಾತಿ ಲಟ್ಟಿಸಲು ಕರೆದೆ, ಬಂದಳು.

ಎಲ್ಲ ಕಡೆ ಹೀಗೇ ಆಗುವುದಿಲ್ಲ. ನಾನೀಗ ಸ್ವಯಂಸೇವಕಿಯಾಗಿ ಹತ್ತಿರದ ಮನೆಗಳಲ್ಲಿರುವ ಮಕ್ಕಳನ್ನೂ ಆ ಮನೆಯವರನ್ನೂ ತಿಂಗಳು ತಿಂಗಳು ಮಾತಾಡಿಸುತ್ತೇನೆ. ಒಬ್ಬ ಹುಡುಗನನ್ನು ಒಂದು ದೊಡ್ಡ ಮನೆಗೆ ಸೇರಿಸಿದ್ದೆವು. ಹದಿನೆಂಟು ದಾಟಿದವರೆಲ್ಲರ ಹಿನ್ನೆಲೆ ಪರಿಶೀಲನೆ ಆಗಿತ್ತು, ನಾನೇ ಹೋಗಿ ಮನೆ ನೋಡಿದ್ದೆ, ಕೋಣೆ ಚೆನ್ನಾಗಿತ್ತು. ಫೋನು ಮಾಡಿದಾಗಲೆಲ್ಲ "ಫೈನ್" ಅಂದ. ಎರಡು ತಿಂಗಳು ನಂಬಿದೆ. ಮೂರನೇ ತಿಂಗಳು ಎದುರಿಗೆ ಕೂರಿಸಿಕೊಂಡು ಕೇಳಿದಾಗ ತಿಳಿಯಿತು, ಆ ಮನೆಯಲ್ಲಿ ಯಾರೂ ಒಟ್ಟಿಗೆ ಉಣ್ಣುತ್ತಿರಲಿಲ್ಲ. ಅವನು ದಿನಾ ರಾತ್ರಿ ಫ್ರಿಜ್ಜಿನಿಂದ ಏನಾದರೂ ತೆಗೆದು ಬಿಸಿಮಾಡಿಕೊಂಡು ಕೋಣೆಗೆ ಒಯ್ಯುತ್ತಿದ್ದ. ಅವರು ಕೆಟ್ಟವರಲ್ಲ, ಇಬ್ಬರಿಗೂ ರಾತ್ರಿ ಪಾಳಿ. ಕೇಳಬೇಕಾದ್ದನ್ನು ಕೇಳದಿದ್ದವಳು ನಾನು. ಅವನನ್ನು ಬೇರೆ ಮನೆಗೆ ಸೇರಿಸಿದೆವು. ಆ ಎರಡು ತಿಂಗಳು ನನಗೆ ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಈಗ ಮಕ್ಕಳನ್ನು "ಹೇಗಿದ್ದೀಯ" ಎಂದು ಕೇಳಿ ಸುಮ್ಮನಾಗುವುದಿಲ್ಲ. ನಿನ್ನೆ ರಾತ್ರಿ ಏನು ಊಟ, ಜೊತೆಗೆ ಯಾರು ಕೂತಿದ್ದರು ಎಂದು ಕೇಳುತ್ತೇನೆ. ಕೂಟದಲ್ಲಿ ಯಾರಾದರೂ "ನಮ್ಮನೇಲೂ ಒಂದು ರೂಮು ಖಾಲಿ ಇದೆ ಕಣ್ರೀ" ಎಂದರೆ ತುಂಬ ಖುಷಿಯಾಗುತ್ತದೆ. ಆದರೆ ರೂಮಿನ ವಿಚಾರ ಆಮೇಲೆ. ವಾರದಲ್ಲಿ ಎಷ್ಟು ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತೀರಿ ಎನ್ನುವುದು ನನ್ನ ಮೊದಲ ಪ್ರಶ್ನೆ.